ಕೂಸನ್ನು ಎದೆಗೆ ಕಟ್ಟಿಕೊಂಡವರು

ಇಂಥ ಕಥೆ ಹೇಳುವವರನ್ನು ನಾನು ಎಂದೂ ನಂಬಿದವನಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದುವಾಗ ಗೆಳೆಯರು ದೆವ್ವದ ಸುದ್ದಿ ತೆಗೆದರೆ, ಕಂಡವರು ಯಾರು, ಎಷ್ಟು ದೂರದಿಂದ ಕಂಡರು ಎಂದು ಅಡ್ಡಪ್ರಶ್ನೆ ಹಾಕಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದೇ ಪ್ರಶ್ನೆಗಳನ್ನು ನನಗೆ ನಾನೇ ಹಾಕಿಕೊಳ್ಳುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ಶಿಗ್ಗಾಂವಿಯಲ್ಲಿ ಎರಡು ಗುಂಪುಗಳ ನಡುವೆ ಹೊಡೆದಾಟವಾಗಿ ಕರ್ಫ್ಯೂ ಹಾಕಿದ್ದರು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ನನ್ನ ತಂಗಿ ಸುಶೀಲಾ, ಓಣಿಯಲ್ಲಿ ಕಲ್ಲು ಬೀಳುವ ಸಪ್ಪಳಕ್ಕೆ ಬೆಚ್ಚಿ, ಏಳು ತಿಂಗಳಿಗೇ ಹಡೆದಳು. ದವಾಖಾನೆಗೆ ಹೋಗುವಂತಿರಲಿಲ್ಲ, ಸೂಲಗಿತ್ತಿ ಬರುವಂತಿರಲಿಲ್ಲ. ಅವ್ವನೇ ಎಲ್ಲ ಮಾಡಿದಳು. ಕೂಸು ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಹತ್ತಿಯಲ್ಲಿ ಸುತ್ತಿಟ್ಟರೂ ಮೈ ತಣ್ಣಗೇ. ತಂಗಿಗೆ ಹಾಲು ಇಳಿದಿರಲಿಲ್ಲ. ಬತ್ತಿಯಿಂದ ಹಿಂಡಿದ ಆಕಳ ಹಾಲು ಕೂಸಿನ ಕಟವಾಯಿಯಿಂದ ಹೊರಗೆ ಹರಿಯುತ್ತಿತ್ತು. ನುಂಗುವ ಶಕ್ತಿಯೇ ಅದಕ್ಕಿರಲಿಲ್ಲ. ಸಂಜೆಯವರೆಗೂ ಉಳಿಯಲಾರದೆಂದು ಅವ್ವನ ಮುಖವೇ ಹೇಳುತ್ತಿತ್ತು.

ನಮ್ಮ ಮನೆಯಲ್ಲಿ ಪುರುಡು ಕಟ್ಟುನಿಟ್ಟು. ಹತ್ತು ದಿನ ಗಂಡಸರು ಬಾಣಂತಿಯ ಕೋಣೆಗೆ ಕಾಲಿಡಬಾರದು, ಕೂಸನ್ನು ಮುಟ್ಟಬಾರದು. ನಾನು ಹೊಸ್ತಿಲಾಚೆ ಕುಳಿತಿದ್ದೆ. ಇದರಲ್ಲಿ ನನಗೆ ಸಂಶಯವಿಲ್ಲ, ಅಥವಾ ಆಗ ಇರಲಿಲ್ಲ.

ಮಧ್ಯಾಹ್ನ ಯಾರೋ ಹಿತ್ತಲ ಬಾಗಿಲು ಬಡಿದರು. ನಾನೇ ತೆಗೆದೆ. ನಡುವಯಸ್ಸಿನ ಹೆಂಗಸು; ಬಾಯಲ್ಲಿ ತಂಬಾಕಿನ ವಾಸನೆ. 'ದುಂಡಸಿ ಬಸ್ಸು ನಿಂತೈತ್ರಿ, ಹೋಗಾಕ ದಾರಿಲ್ಲ,' ಎಂದಳು. ಕೂಸಿನ ವಿಷಯ ನಾನು ಎತ್ತಿರಲಿಲ್ಲ. ಆದರೂ ಅವಳು ನೆಟ್ಟಗೆ ಕೋಣೆಗೆ ನಡೆದು, ಕೂಸನ್ನು ಹತ್ತಿಯಿಂದ ಬಿಡಿಸಿ, ತನ್ನ ಬರಿ ಎದೆಗೆ ಒತ್ತಿ, ಸೆರಗಿನಿಂದ ಬಿಗಿದುಕೊಂಡು ಗೋಡೆಗೆ ಒರಗಿ ಕುಳಿತಳು. 'ಬಾಗಲಾ ಮುಂದಕ ಮಾಡ್ರಿ, ಗಾಳಿ ಬಡಿತೈತಿ,' ಎಂದಳು.

ಅವಳು ಯಾವ ಗುಂಪಿನವಳೋ, ಯಾರು ಕಳಿಸಿದ್ದಾರೋ, ಕೂಸನ್ನೆತ್ತಿಕೊಂಡು ಓಡಿದರೆ? ಬಾಗಿಲ ಸಂದಿಯಿಂದ ಅವಳ ಕೈಗಳನ್ನೇ ಕಾಯುತ್ತ ಕುಳಿತೆ. ದೀಪ ಹಚ್ಚುವ ಹೊತ್ತಿಗೆ ಕೂಸು ಸಣ್ಣಗೆ ಅತ್ತಿತು. ಬತ್ತಿಯ ಹಾಲನ್ನು ನುಂಗಿತು. ಅಷ್ಟು ಎಚ್ಚರವಾಗಿ ಕಾದವನಿಗೆ, ಅವಳು ಎದ್ದು ಹೋದದ್ದು ಮಾತ್ರ ನೆನಪಿಲ್ಲ.

ಕರ್ಫ್ಯೂ ಸಡಿಲಾದ ಮೇಲೆ, ಆ ಹೆಂಗಸಿಗೆ ಒಂದು ಸೀರೆಯನ್ನಾದರೂ ಕೊಡಬೇಕಿತ್ತು ಎಂದೆ. ಅವ್ವ ಜೋಳ ಬೀಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

'ಯಾವ ಹೆಂಗಸೋ? ಅಂಗಿ ಕಳದು ಕೂಸಿನ್ನ ಎದಿಗೆ ಕಟಿಗೊಂಡು ಕೂತಾಂವ ನೀನ. ಪುರುಡು ಅದ, ಬ್ಯಾಡೋ ಅಂದ್ರ ನನ್ನ ಮಾತು ಕೇಳಿದೇನು? ಇಷ್ಟು ಓದಿಸಿದ್ದು ತಲಿ ಕೆಡಿಸಿಕೊಳ್ಳಲಿಕ್ಕೇನು?'

ನಾನು ಅವ್ವನನ್ನೂ ನಂಬಲಿಲ್ಲ. ಗೊತ್ತಿಲ್ಲದ ಜಾತಿಯವಳನ್ನು ಬಾಣಂತಿ ಕೋಣೆಗೆ ಬಿಟ್ಟುಕೊಂಡದ್ದು ಬೀಗರ ಕಿವಿಗೆ ಬೀಳಬಾರದೆಂದು ಹೀಗೆ ಕಥೆ ಕಟ್ಟಿದ್ದಾಳೆ ಎಂದುಕೊಂಡೆ. ತರ್ಕಕ್ಕೆ ಒಪ್ಪುವ ಮಾತು. ಕೂಸನ್ನು ಹಾಗೆ ಮೈಶಾಖದಲ್ಲಿ ಉಳಿಸಬಹುದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ! ಹಲವು ವರ್ಷ ಇದರಲ್ಲೇ ಸಮಾಧಾನದಿಂದಿದ್ದೆ.

ಅವ್ವ ತೀರಿಕೊಂಡ ಮೇಲೆ ಸುಶೀಲಾ ಒಬ್ಬಳೇ ಇದ್ದಾಗ ಆ ಹೆಂಗಸಿನ ಬಗ್ಗೆ ಕೇಳಿದೆ. ಇನ್ನು ಮುಚ್ಚಿಡಲು ಕಾರಣವಿರಲಿಲ್ಲ.

'ಕಣ್ಣು ತೆಗದಾಗೆಲ್ಲ ನೀನ ಕೂತಿದ್ದಿ ಅಣ್ಣಾ. ಆದ್ರ ಕಣ್ಣು ಮುಚ್ಚಿದ್ರ, ಕೂಸು ಮೊಲಿ ಚೀಪಿ ಹಾಲು ಗುಟುಕರಸೋ ಸಪ್ಪಳ ಕೇಳಿಸ್ತಿತ್ತು. ನನಗಿನ್ನೂ ಹಾಲು ಬಂದಿರಲಿಲ್ಲ. ನಿನ್ನ ಹ್ಯಾಂಗ ಕೇಳ್ಲಿ ಅಂತ ಇಷ್ಟು ವರ್ಷ ಬಿಟ್ಟೆ.'

ಆಗ ಕೂಸಾಗಿದ್ದವಳು ಈಗ ಹಾನಗಲ್ಲಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅಂದು ನಿನ್ನನ್ನು ಎದೆಗೆ ಕಟ್ಟಿಕೊಂಡು ಕೂತವರು ಯಾರು ಎಂದು ಅವಳಿಗೆ ನಾನು ಹೇಳಿಲ್ಲ. ಯಾರೆಂದು ಹೇಳಲಿ?