ಅತ್ತಿಗೆಯ ಲ್ಯಾಪ್‌ಟಾಪಿಗೆ ನಾನು ಹಾಕಿದ ಎಡಿಟರ್

ನನಗೆ ಕಾಯುವುದು ಬರುವುದಿಲ್ಲ. ಅನ್ನ ಬೇಯುವ ಮುಂಚೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುವ ಜಾತಿ. ಅದಕ್ಕೇ ಇರಬೇಕು, ಬಿಡುಗಡೆಯಾಗದ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ನನಗೆ ಒಗ್ಗಿತು. ತಿ. ನರಸೀಪುರದ ನಮ್ಮ ಮನೆಯ ಮಹಡಿಯಲ್ಲಿ ಕೂತು, ಪ್ರೋಗ್ರಾಂ ಬರೆಯುವ ಎಡಿಟರುಗಳನ್ನು ಅವು ಜನರ ಕೈಸೇರುವ ಮುಂಚೆ ಕೆಡಿಸಿ ನೋಡುತ್ತೇನೆ. ಕೆಡಿಸಲೆಂದೇ ವರ್ಚುವಲ್ ಮಷೀನ್ ಇದೆ. ನನ್ನ ಕಂಪ್ಯೂಟರಿನೊಳಗೇ ತೆರೆದುಕೊಳ್ಳುವ ಇನ್ನೊಂದು ಕಂಪ್ಯೂಟರ್ ಅದು. ಹಾಳಾದರೆ ಅಳಿಸಿ ಹೊಸದು ಮಾಡಿಕೊಂಡರಾಯಿತು. ಬಿಡುಗಡೆಯಾಗದ್ದನ್ನು ಅದರಾಚೆ ಎಲ್ಲೂ ಹಾಕಬಾರದು. ಕೆಲಸಕ್ಕೆ ಸೇರಿದ ದಿನವೇ ಕಲಿಸುವ ಪಾಠ.

ಒಂದು ಗುರುವಾರ ನಾನು ಅಂಥದೊಂದು ಎಡಿಟರನ್ನು ಅತ್ತಿಗೆಯ ಲ್ಯಾಪ್‌ಟಾಪಿಗೆ ಹಾಕಿದೆ.

ಅತ್ತಿಗೆ ಡಿಗ್ರಿ ಮುಗಿಸಿ ಹತ್ತು ವರ್ಷದ ಮೇಲೆ ಮತ್ತೆ ಪ್ರೋಗ್ರಾಂ ಬರೆಯಲು ಕೂತಿದ್ದರು. ನಂಜನಗೂಡಿನ ಒಂದು ಶಾಲೆಗೆ ಕಂಪ್ಯೂಟರ್ ಟೀಚರ್ ಬೇಕಾಗಿತ್ತು. ಸೋಮವಾರ ಅಲ್ಲಿ ಡೆಮೊ ಕ್ಲಾಸು. ಮಕ್ಕಳಿಗೆ ತೋರಿಸಲೆಂದು ಪರದೆಯ ಮೇಲೆ ಚುಕ್ಕಿ ರಂಗೋಲಿ ಬಿಡಿಸುವ ಪುಟ್ಟ ಪ್ರೋಗ್ರಾಂ ಬರೆದಿದ್ದರು. ಅವರು ಬಟ್ಟೆ ಒಣಗಿಸಲು ಹೋದಾಗ ಹೊಸ ಎಡಿಟರ್ ಹಾಕಿದೆ. ಚೆನ್ನಾಗಿತ್ತು, ಖುಷಿಪಡಲಿ ಅಂತ. ಸಂಜೆ ಅತ್ತಿಗೆ ಬರೆಯಲು ಕೂತರೆ ಅದು ತೆರೆದ ತಕ್ಷಣ ಮುಚ್ಚಿಕೊಳ್ಳತೊಡಗಿತು. ತೆಗೆದು ಹಳೆಯದನ್ನೇ ಹಾಕಿದೆ, ಅದೂ ಹಾಗೇ.

"ನಾನೇ ಏನೋ ಒತ್ಬುಟ್ಟೆ ಕಣಪ್ಪ," ಅಂದರು ಅತ್ತಿಗೆ.

ಅಲ್ಲ ಅನ್ನಬೇಕಿತ್ತು. ನೋಡ್ತೀನಿ ಅಂದೆ.

ಕಾರಣ ಸಿಕ್ಕರೆ ಸರಿಮಾಡಿಯೇ ಹೇಳಬಹುದು ಎಂದು ಮಹಡಿ ಹತ್ತಿದೆ. ಒಂದು ವರ್ಚುವಲ್ ಮಷೀನ್ ಮಾಡಿ ಆ ಹೊಸ ಎಡಿಟರ್ ಹಾಕಿದೆ, ನೀರು ಕುಡಿದಷ್ಟು ಸಲೀಸಾಗಿ ತೆರೆಯಿತು. ಅಳಿಸಿ ಇನ್ನೊಂದು ಮಾಡಿದೆ. ಮೆಮೊರಿ ಕಡಿಮೆ ಕೊಟ್ಟೆ, ನೆಟ್ ತೆಗೆದೆ, ಎಲ್ಲದರಲ್ಲೂ ತೆರೆಯಿತು. ಶುಕ್ರವಾರ, ಶನಿವಾರ ಅದೇ ಗೋಳು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಮೆಟ್ಟಿಲಿಳಿದು ಬಂದವನಿಗೆ ಅತ್ತಿಗೆ ಹದಿನಾರು ಎಂಬ ಊರಿನ ತಮ್ಮ ತವರಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: "ಇಸ್ಕೂಲ್ಗೆ ಓಗಕಿಲ್ಲ ಕಣವ್ವ. ಇವೆಲ್ಲ ನನ್ ಕೈಲಾಗಕಿಲ್ಲ." ನಾಚಿಕೆಯಾಯಿತು. ಆದರೂ ಬಾಯಿ ಬಿಡದೆ ಮತ್ತೆ ಮೇಲೆ ಹೋದೆ.

ಭಾನುವಾರ ಮಧ್ಯಾಹ್ನ ಕಾಫಿ ತಂದ ಅತ್ತಿಗೆ ಲೋಟ ಇಟ್ಟು ಪರದೆ ನೋಡುತ್ತ ನಿಂತರು.

"ಇದ್ರಲ್ಲಿ ಬಳಕೆದಾರರ ಹೆಸ್ರು ಟೆಸ್ಟ್ ಅಂತ ಐತೆ. ನಂದ್ರಲ್ಲಿ ನನ್ನ ಹೆಸ್ರು ಕನ್ನಡದಲ್ಲೈತಲ್ಲ, ಅದ್ಕೇನಾರ ಕೆಡ್ತಾ?"

ಲ್ಯಾಪ್‌ಟಾಪ್ ಬಂದ ದಿನ ಹುಡುಕಿ ಹುಡುಕಿ ಕನ್ನಡ ಅಕ್ಷರ ಒತ್ತಿ ಅವರೇ ಬರೆದುಕೊಂಡ ಹೆಸರದು. ನಾನು ಇಷ್ಟು ವರ್ಷದಲ್ಲಿ ಮಾಡಿದ ಮಷೀನುಗಳಲ್ಲೆಲ್ಲ ಬಳಕೆದಾರರ ಹೆಸರನ್ನು ಕಣ್ಣುಮುಚ್ಚಿ ಟೆಸ್ಟ್ ಎಂದೇ ಇಡುತ್ತ ಬಂದಿದ್ದೆ. ಅತ್ತಿಗೆಯ ಹೆಸರನ್ನು ಕನ್ನಡದಲ್ಲೇ ಕೊಟ್ಟು ಹೊಸದೊಂದು ಮಾಡಿದೆ. ಎಡಿಟರ್ ತೆರೆಯಿತು, ಮುಚ್ಚಿಕೊಂಡಿತು. ನಾನು ಕುರ್ಚಿಯಿಂದ ಎಗರಿದೆ.

"ಅಂಗಾರೆ ನನ್ನ ಹೆಸ್ರೇ ಸರಿಯಿಲ್ಲ ಅನ್ನು," ಎಂದು ಅತ್ತಿಗೆ ನಕ್ಕರು.

ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. "ಹೆಸರಲ್ಲ ಅತ್ತಿಗೆ. ಗುರುವಾರ ನಾನೇ ನಿಮ್ಮನ್ನ ಕೇಳ್ದೆ ಹೊಸದು ಹಾಕ್ಬಿಟ್ಟಿದ್ದೆ. ಆ ಹೆಸರನ್ನ ಓದಕ್ಕೆ ಅದಕ್ಕೆ ಬರಲ್ಲ, ನಿಮ್ಮ ಖಾತೇಲಿದ್ದ ಸೆಟ್ಟಿಂಗನ್ನೇ ಕೆಡಿಸ್ಬಿಡ್ತು, ಅದಕ್ಕೇ ಹಳೇದೂ ನಿಲ್ಲಲಿಲ್ಲ."

ಅತ್ತಿಗೆ ಪರದೆ ಬಿಟ್ಟು ನನ್ನ ಕಡೆ ತಿರುಗಿದರು. "ನಾಕು ದಿನದಿಂದ ನನ್ನ ನಾನೇ ಬೈಕೊಂಡು ಕುಂತಿದ್ನಲ್ಲೋ. ಗುರುವಾರನೇ ಯೋಳಕ್ಕೇನಾಗಿತ್ತು ನಿಂಗೆ?"

ಕೆಳಗಿಳಿದು ಅವರ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಹೆಸರಿನ ಇನ್ನೊಂದು ಖಾತೆ ತೆರೆದುಕೊಟ್ಟೆ, ರಂಗೋಲಿ ಮೂಡಿತು. "ನಾಳೆಗೆ ಇದಿರ್ಲಿ. ನನ್ನ ಹೆಸ್ರಿಂದು ಅಳಿಸ್ಬ್ಯಾಡ," ಅಂದರು.

ಸೋಮವಾರ ಬೈಕಿನಲ್ಲಿ ಬಿಡ್ತೀನಿ ಅಂದರೆ ಬೇಡವೆಂದು ಬಸ್ಸಿಗೆ ಹೋದರು. ನಾನು ದೋಷದ ವರದಿ ಬರೆಯಲು ಕೂತೆ. ಏನೇನು ಮಾಡಿದಾಗ ಕೆಟ್ಟಿತು ಎಂಬಲ್ಲಿ ಮೊದಲ ಸಾಲು: ಮನೆಯವರ ಕಂಪ್ಯೂಟರಿಗೆ ಅವರನ್ನು ಕೇಳದೆ ಹಾಕಿದೆ. ಕಂಡುಹಿಡಿದವರು ಎಂಬಲ್ಲಿ ಅತ್ತಿಗೆಯ ಹೆಸರು, ಕನ್ನಡದಲ್ಲೇ. ಕಳಿಸುವ ಗುಂಡಿಯ ಮೇಲೆ ಬೆರಳಿತ್ತು. ಆಮೇಲೆ, ಇದನ್ನೂ ಅವರನ್ನು ಕೇಳಿಲ್ಲವಲ್ಲ ಅನ್ನಿಸಿತು. ಅವರು ವಾಪಸು ಬರುವುದು ಮೂರು ಗಂಟೆಯ ಬಸ್ಸಿಗೆ. ಆಗಿನ್ನೂ ಹನ್ನೊಂದಾಗಿರಲಿಲ್ಲ. ಕೈ ತೆಗೆದು ಕಾಯುತ್ತ ಕೂತೆ.