ಅತ್ತೆಯ ಮೇಲೆ ಹಾದುಹೋದ ಗೋಡೆ

ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ದುಪ್ಪಟಿ ಒಣಹಾಕಿದ್ದರೆ, ಅದನ್ನು ಸರಿಸುವ ಮುಂಚೆ ನಾನು ಒಮ್ಮೆ ಕೆಮ್ಮುತ್ತೇನೆ. ಆಚೆ ಇರುವುದು ತುಳಸಿ ಕುಂಡ ಮಾತ್ರ. ಇವತ್ತು ಬೆಳಿಗ್ಗೆಯೂ ಕೆಮ್ಮಿದೆ. ಹೆಂಡತಿ ಸುಮಾ ಒಳಗಿಂದಲೇ ನಕ್ಕಳು. ನಿಮಗೂ ನಗು ಬರಬಹುದು. ಆದರೆ ನೀವು ದುಪ್ಪಟಿಯನ್ನು ಗೋಡೆ ಎಂದುಕೊಂಡು ಬಾಳಿದವರಲ್ಲ.

ಕೆಲವು ವರ್ಷದ ಹಿಂದಿನ ಮಾತು. ಚಾಮರಾಜಪೇಟೆಯಲ್ಲಿ ನಾವು ಬಾಡಿಗೆಗಿದ್ದ ಹಳೆಯ ಮನೆಯನ್ನು ಕೆಡವಿ ಕಟ್ಟಿಸುತ್ತೇವೆಂದು ಮಾಲೀಕರು ಹೇಳಿದರು. ಸುಮಾ ಮಲ್ಲೇಶ್ವರಕ್ಕೆ ಹೋಗಿ, ಸಂಪಿಗೆ ರಸ್ತೆಗೆ ಹತ್ತಿರ ಒಂದು ಫ್ಲ್ಯಾಟ್ ನೋಡಿ ಮನಸೋತು ಬಂದಳು. ಅಷ್ಟರಲ್ಲಿ ಅವಳ ಅಕ್ಕ ವಿಶಾಲಕ್ಕನ ಗಂಡ, ಅಂದರೆ ನಾನು ಭಾವ ಎಂದು ಕರೆಯುವ ನನ್ನ ಷಡ್ಡಕ, ಹನುಮಂತನಗರದ ತಮ್ಮ ಸೈಟಿನಲ್ಲಿ ಜೋಡಿ ಮನೆ ಕಟ್ಟೋಣ ಎಂದರು. ನಡುವೆ ಒಂದೇ ಗೋಡೆ. ಆಚೆ ಅವರು, ಈಚೆ ನಾವು. ಅಕ್ಕತಂಗಿಯರ ತಾಯಿ, ನಮ್ಮ ಅತ್ತೆ, ಕೆಲವು ತಿಂಗಳು ಅಲ್ಲಿ ಕೆಲವು ತಿಂಗಳು ಇಲ್ಲಿ ಎಂದು ಸೂಟ್‌ಕೇಸ್ ಹಿಡಿದು ಓಡಾಡುವುದು ತಪ್ಪುತ್ತದೆ. ಇಷ್ಟು ಒಳ್ಳೆಯ ಮಾತಿಗೆ ಬೇಡ ಎನ್ನುವ ಬಾಯಿ ಯಾರಿಗಿದೆ? ನಾವಿಬ್ಬರೂ ಆಗಲಿ ಎಂದೆವು. ಮನಸ್ಸಿನ ತುಂಬ ಫ್ಲ್ಯಾಟಿತ್ತು.

ಭಾವ ಸರ್ಕಾರಿ ಇಂಜಿನಿಯರಾಗಿ ನಿವೃತ್ತರಾದವರು. ಪರೀಕ್ಷೆ ಮಾಡದೆ ಕೊಡೆಯನ್ನೂ ಕೊಳ್ಳುವುದಿಲ್ಲ. ಅಂಗಡಿಯವನ ಕೈಲೇ ಅದರ ಮೇಲೆ ನೀರು ಹೊಯ್ಯಿಸುತ್ತಾರೆ. ಜೋಡಿ ಮನೆಯಲ್ಲಿ ಬಾಳಲಾಗುತ್ತದೋ ಇಲ್ಲವೋ ಕಟ್ಟುವ ಮೊದಲೇ ನೋಡಿಬಿಡೋಣ ಎಂದು, ದಸರಾ ಕಳೆದ ಮೇಲೆ ಹೆಂಡತಿ, ಹಾಸಿಗೆ ಸಮೇತ ನಮ್ಮ ಮನೆಗೇ ಬಂದಿಳಿದರು. ನಡುಮನೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ದುಪ್ಪಟಿಗಳನ್ನು ಇಳಿಬಿಟ್ಟು, ಕ್ಲಿಪ್ಪು ಹಾಕಿ, ಇದನ್ನು ಇಟ್ಟಿಗೆ ಗೋಡೆ ಎಂದೇ ಎಲ್ಲರೂ ತಿಳಿಯತಕ್ಕದ್ದು ಎಂದರು. ಗೋಡೆ ದಾಟುವಂತಿಲ್ಲ. ಆಚೆಯ ಮಾತು ಕೇಳಿಸಿದರೂ ಕೇಳಿಸಿಲ್ಲ.

ಈ ವಿಭಜನೆಯಲ್ಲಿ ಅಡುಗೆಮನೆ, ಹಿತ್ತಲ ಬಾಗಿಲು ಅವರ ಪಾಲಿಗೆ ಹೋದವು. ಬಚ್ಚಲು, ಬೀದಿ ಬಾಗಿಲು ನಮಗೆ ಬಂದವು. ಹಾಗಾಗಿ ಬೆಳಿಗ್ಗೆ ಭಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿತ್ತಲಿಂದ ಹೊರಟು, ಪಕ್ಕದ ಓಣಿಯಲ್ಲಿ ಸುತ್ತಿ ಬಂದು, ನಮ್ಮ ಬಾಗಿಲು ತಟ್ಟಿ ಸ್ನಾನಕ್ಕೆ ಹೋಗುವರು. ನಾನು ಲೋಟ ಹಿಡಿದು ಅದೇ ಓಣಿಯಲ್ಲಿ ಕಾಫಿಗೆ ಹೋಗುವೆ. ಎದುರಾದಾಗ ಇಬ್ಬರೂ ನಿಂತು, ಚೆನ್ನಾಗಿದ್ದೀರಾ, ಮಳೆ ಬರೋ ಹಾಗಿದೆ ಎಂದು ಅಕ್ಕಪಕ್ಕದವರಂತೆ ಮಾತಾಡಿಕೊಳ್ಳುತ್ತಿದ್ದೆವು. ಎದುರುಮನೆಯಾಕೆ ಸುಮಾಳನ್ನು ಕರೆದು, ಆಸ್ತಿ ಪಾಲಾಯಿತೇ ಎಂದು ಮೆಲ್ಲಗೆ ವಿಚಾರಿಸಿದರು.

ಅತ್ತೆಯ ಮಂಚ ಯಾವ ಕಡೆ ಎಂದು ಚರ್ಚೆಯಾಯಿತು. ಯಾರಿಗೂ ನೋವಾಗಬಾರದೆಂದು ಅದನ್ನು ಸರಿಯಾಗಿ ಹಗ್ಗದ ಕೆಳಗೆ ಹಾಕಿದೆವು. ತಲೆ ನಮ್ಮ ಮನೆಯಲ್ಲಿ, ಕಾಲು ವಿಶಾಲಕ್ಕನ ಮನೆಯಲ್ಲಿ. ಕಾಫಿ ತಯಾರಾಗುವುದು ಕಾಲಿನ ಕಡೆ. ಅದನ್ನು ತಲೆಯ ಕಡೆಗೆ ಮುಟ್ಟಿಸಲು ವಿಶಾಲಕ್ಕ ಹಿತ್ತಲು, ಓಣಿ, ಬೀದಿ ಎಲ್ಲ ಸುತ್ತಿ ಬರುವಷ್ಟರಲ್ಲಿ ಆರಿಹೋಗಿರುತ್ತಿತ್ತು. ಬಹಳ ಕಾಲ ಸ್ಕೂಲ್ ಟೀಚರಾಗಿದ್ದ ಅತ್ತೆ, ಎಲ್ಲರನ್ನೂ ಒಮ್ಮೆ ನೋಡಿ ಕುಡಿಯುತ್ತಿದ್ದರು.

ವಿಚಿತ್ರವೆಂದರೆ, ದಿನವೂ ಗಂಟೆಗಟ್ಟಲೆ ಫೋನಿನಲ್ಲಿ ಹರಟುತ್ತಿದ್ದ ಅಕ್ಕತಂಗಿಯರು ದುಪ್ಪಟಿ ಬಂದ ಮೇಲೆ ಮಾತೇ ನಿಲ್ಲಿಸಿದರು. ಒಂದು ಮಧ್ಯಾಹ್ನ, ಗಂಡಸರು ನಿದ್ದೆಹೋಗಿದ್ದಾರೆಂದು ತಿಳಿದು, ವಿಶಾಲಕ್ಕ ಆಚೆಯಿಂದ ಈಚೆಗೆ ಫೋನ್ ಮಾಡಿದರು.

"ನಿನ್ನ ಗಂಡ ಬೆಳಗಾದ್ರೆ ಪೇಪರ್‌ನಲ್ಲಿ ಸತ್ತೋರ ಹೆಸರೆಲ್ಲ ಗಟ್ಟಿಯಾಗಿ ಓದ್ತಾರಲ್ಲೇ. ಜೀವನಪೂರ್ತಿ ಇದನ್ನ ಕೇಳ್ಕೊಂಡಿರೋಕಾಗಲ್ಲ ಕಣೆ."

"ನನಗೂ ಫ್ಲ್ಯಾಟೇ ಇಷ್ಟ ಅಕ್ಕ. ಆದ್ರೆ ಭಾವಂಗೆ ಹೇಗೆ ಹೇಳೋದು? ಪಾಪ, ಆಸೆ ಇಟ್ಕೊಂಡಿದಾರೆ."

ಎಲ್ಲವೂ ನನಗೆ ಕೇಳಿಸಿತು. ದುಪ್ಪಟಿಯ ಆಚೆ ಭಾವ ಮಗ್ಗುಲು ಬದಲಿಸಿದ್ದೂ ಕೇಳಿಸಿತು. ನಿಯಮದ ಪ್ರಕಾರ ನಮ್ಮಿಬ್ಬರಿಗೂ ಏನೂ ಕೇಳಿಸಿರಲಿಲ್ಲ. ಸಂಜೆ ಓಣಿಯಲ್ಲಿ ಸಿಕ್ಕಾಗ, ಗೋಡೆ ಹೇಗಿದೆ ಎಂದು ವಿಚಾರಿಸಿದರು. ಭದ್ರವಾಗಿದೆ ಎಂದೆ. ಅವರ ಮುಖ ಬಾಡಿತ್ತು. ಪಾಪ ಅನ್ನಿಸಿತು. ಇನ್ನು ಮೇಲೆ ನಿಧನ ವಾರ್ತೆಯನ್ನು ಮನಸ್ಸಿನಲ್ಲೇ ಓದಬೇಕೆಂದುಕೊಂಡೆ. ಅದು ಮಾತ್ರ ಆಗಲಿಲ್ಲ. ಮೌನವಾಗಿ ಓದಿದರೆ ಸತ್ತವರಿಗೆ ಏನೋ ಕಡಿಮೆ ಮಾಡಿದಂತೆ.

ಮಾರನೆಯ ಬೆಳಿಗ್ಗೆ ನಾನು ಓದುತ್ತಿರುವಾಗಲೇ ಅತ್ತೆ ಎದ್ದು ಕೂತರು. ದುಪ್ಪಟಿ ಮುಖಕ್ಕೆ ಬಂತು. ಒಂದೊಂದೇ ಕ್ಲಿಪ್ಪು ಕಿತ್ತು ಮಡಿಲಿಗೆ ಹಾಕಿಕೊಂಡರು. ಗೋಡೆ ಬಿದ್ದು, ಆ ಕಡೆ ಉಪ್ಪಿಟ್ಟಿನ ತಟ್ಟೆ ಹಿಡಿದ ಭಾವ, ವಿಶಾಲಕ್ಕ ಕಂಡರು.

"ನಿಮ್ಮ ಗೋಡೆ ನನ್ನ ಹೊಟ್ಟೆ ಮೇಲೆ ಹಾದುಹೋಗಿದೆ" ಎಂದರು ಅತ್ತೆ. "ಸುಮಾ ಫ್ಲ್ಯಾಟ್ ತಗೊಳ್ಳಲಿ. ನೀವು ಜೋಡಿ ಮನೆ ಕಟ್ಟಿಸಿ. ಇನ್ನೊಂದು ಮನೇಲಿ ನಾನಿರ್ತೀನಿ."

ಹೆಣ್ಣುಮಕ್ಕಳಿಬ್ಬರೂ ಗಾಬರಿಯಾದರು. ಒಬ್ಬಳೇ ಯಾಕಿರಬೇಕು, ನಾವೇನು ಕಮ್ಮಿ ಮಾಡಿದ್ದೀವಿ ಎಂದು ಸುಮಾ ಅಳುವುದಕ್ಕೇ ಶುರುಮಾಡಿದಳು.

"ಯಾರೂ ಕಮ್ಮಿ ಮಾಡಿಲ್ಲ. ಅಪ್ಪನ ಮನೇಲಿದ್ದೆ, ಗಂಡನ ಮನೇಲಿದ್ದೆ, ಈಗ ಮಕ್ಕಳ ಮನೇಲಿದ್ದೀನಿ. ಬಾಗಿಲು ಹಾಕ್ಕೊಂಡ್ರೆ ನನ್ನದು ಅನ್ನೋ ಮನೇಲೂ ಒಂದ್ಸಲ ಇದ್ದು ನೋಡ್ತೀನಿ."

ಕೊನೆಗೆ ಭಾವ, ಇಂಜಿನಿಯರಲ್ಲವೇ, ನಡುವಿನ ಗೋಡೆ ಎಷ್ಟು ದಪ್ಪ ಇರಬೇಕೆಂದು ಕೇಳಿದರು. ಅತ್ತೆ ಸ್ವಲ್ಪ ಯೋಚಿಸಿ, "ದಪ್ಪಗೇ ಇರಲಿ" ಎಂದರು.

ಹಾಗೇ ಆಯಿತು. ಜೋಡಿ ಮನೆ ಎದ್ದಿತು. ಅತ್ತೆ ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಿಸಿದರು. ನಾವು ಫ್ಲ್ಯಾಟಿಗೆ ಬಂದೆವು. ಇಲ್ಲಿ ಗೋಡೆಯಾಚೆ ಇರುವವರು ಯಾರೆಂದು ನನಗೆ ಇನ್ನೂ ಗೊತ್ತಿಲ್ಲ. ಅವರಿಗೆ ನಾನು ಗೊತ್ತಿರಬೇಕು, ದಿನಾ ಓದುತ್ತೇನಲ್ಲ.

ಇವತ್ತು ಇದನ್ನೆಲ್ಲ ನೆನೆಸಿಕೊಂಡು ಇಬ್ಬರೂ ನಗುತ್ತಿರುವಾಗಲೇ ಅತ್ತೆಯ ಫೋನ್ ಬಂತು. ಈ ಭಾನುವಾರ ಬರುವುದು ಬೇಡವಂತೆ. "ನಮ್ಮನೇಲಿ ಜನ ಇರ್ತಾರೆ" ಅಂದರಂತೆ. ಯಾರು ಎಂದು ಸುಮಾ ಕೇಳಿದ್ದಕ್ಕೆ, ನಿಮಗೆ ಗೊತ್ತಿಲ್ಲದವರು ಎಂದು ಇಟ್ಟುಬಿಟ್ಟರು. ಸುಮಾ ಫೋನ್ ಹಿಡಿದೇ ಕೂತಳು. ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ತಾತನ ಮನೆ, ನಿಮ್ಮಪ್ಪನ ಮನೆ, ನಿಮ್ಮಕ್ಕನ ಮನೆ ಎಂದು ಕೇಳಿದ್ದಳಂತೆ. ನಮ್ಮನೆ ಎಂದು ಕೇಳಿದ್ದು ಇದೇ ಮೊದಲು.

ಬೇಜಾರಾಯಿತಾ ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಹಾಗಾದರೆ ಅದರ ಮುಂದಿನ ಭಾನುವಾರ ಹೋಗೋಣವೇ ಎಂದು ಕೇಳಿದೆ.

"ಕರೆದ್ರೆ ಹೋಗೋಣ ಕಣ್ರೀ" ಎಂದಳು.