ಬೆಳ್ಳಿ ಪದಕ ಮತ್ತು ಗಂಗವ್ವನ ತಾಯಿ ಪಾತ್ರ

ನಿಜಾಮರ ಆಳ್ವಿಕೆ ಮುಗಿಯಲು ಇನ್ನೆರಡು ವರ್ಷವಿದ್ದಾಗ ನಾನು ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರನಾಗಿದ್ದೆ. ಆ ಬೇಸಿಗೆಯಲ್ಲಿ ನಮ್ಮ ಕ್ಯಾಂಪು ಸುರಪುರದಲ್ಲಿತ್ತು. ಅಲ್ಲಿನ ಕಡೆಯ ಆಟಕ್ಕೆ ಹೈದರಾಬಾದಿನಿಂದ ಬಂದ ಸಾಹೇಬರೊಬ್ಬರು ಒಳ್ಳೆಯ ನಟನೆಗೆ ಬೆಳ್ಳಿ ಪದಕ ಸಾರಿದರು. ಅವರಿಗೆ ಕನ್ನಡ ಬಾರದು. ಹಾಗಾಗಿ ಯಾರಿಗೆ ಹೆಚ್ಚು ‘ಒನ್ಸ್ ಮೋರ್’ ಬೀಳುತ್ತದೋ ಅವರಿಗೇ ಪದಕ ಎಂದು ತೀರ್ಮಾನವಾಯಿತು.

ಮುಂದಿನ ಶಹಾಪುರದ ಕ್ಯಾಂಪಿಗೆ ಅರ್ಧ ಜನರನ್ನಷ್ಟೇ ಒಯ್ಯುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು. ಪದಕ ಗೆದ್ದವರಿಗೆ ಜಾಗ ಖಾತ್ರಿ. ರಾಕ್ಷಸನ ಪಾತ್ರದ ಭೀಮಣ್ಣನಿಗೆ ಚಿಂತೆಯಿರಲಿಲ್ಲ. ತಾಯಿಯ ಪಾತ್ರ ಮಾಡುವ ಗಂಗವ್ವನ ಗತಿಯೇನು ಎಂಬುದೇ ನನ್ನನ್ನು ಕೊರೆಯುತ್ತಿತ್ತು. ವಯಸ್ಸಾದ ಅವಳನ್ನು ಬೇರೆ ಯಾವ ಕಂಪನಿಯೂ ಕರೆಯುತ್ತಿರಲಿಲ್ಲ.

ಭೀಮಣ್ಣ ಗದೆ ತಿರುಗಿಸಿ ಗುಡುಗಿದ. ಚಪ್ಪರ ಹಾರಿಹೋಗುವಂತೆ ಜನ ‘ಒನ್ಸ್ ಮೋರ್’ ಕೂಗಿದರು. ಕೊನೆಗೆ ಗಂಗವ್ವ ಬಂದು ಸತ್ತ ಮಗನ ಪಕ್ಕದಲ್ಲಿ ಕೂತಳು. ಅಳಲಿಲ್ಲ. ಸೆರಗಿನಿಂದ ಅವನ ಕಾಲಿನ ಮಣ್ಣು ಒರೆಸುತ್ತ ನಾಲ್ಕೇ ಸಾಲು ಹಾಡಿದಳು. ಯಾರೂ ಉಸಿರೆತ್ತಲಿಲ್ಲ. ಸಭೆ ಸುಮ್ಮನಾದಾಗಲೆಲ್ಲ ಮಾಡುವಂತೆ ನಾನು ಹಾರ್ಮೋನಿಯಂ ಪೆಟ್ಟಿಗೆಗೆ ಕೈ ಹಾಕಲು ಹೋದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ‘ಒನ್ಸ್ ಮೋರ್’ ಎಂದ. ಹಾಗೆಂದರೆ ದೃಶ್ಯವನ್ನು ಮೊದಲಿನಿಂದ ಆಡಬೇಕು. ಸತ್ತವರೂ ಎದ್ದು ಮತ್ತೆ ಸಾಯಬೇಕು. ರೂಢಿಯಂತೆ ಹೆಣ ಎದ್ದು ಕೂತಿತು.

ಗಂಗವ್ವ ಅವನ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಮಲಗಿಸಿದಳು.

“ಮಲ್ಕೋ ನನ್ನಪ್ಪ. ಭಾಳ ದಣದೀದಿ.”

ನಾಟಕದಲ್ಲಿ ಆ ಮಾತೇ ಇರಲಿಲ್ಲ. ಹೆಂಗಸರ ಕಡೆಯಿಂದ ಬಿಕ್ಕುವುದು ಕೇಳಿಸಿತು. ಮಾಲೀಕರು ಪರದೆಯ ಮರೆಯಿಂದ ‘ಬಾರಿಸು, ಬಾರಿಸು’ ಎಂದು ನನಗೆ ಸನ್ನೆ ಮಾಡುತ್ತಲೇ ಇದ್ದರು. ಬಾರಿಸದಿದ್ದರೆ ನನ್ನ ಕೆಲಸಕ್ಕೂ ಕುತ್ತೆಂದು ಗೊತ್ತಿತ್ತು. ಆದರೂ ಬೆರಳು ಆಡಲಿಲ್ಲ.

ಪದಕ ಭೀಮಣ್ಣನಿಗೇ ಹೋಯಿತು. ಮಾಲೀಕರು ನನಗೆ ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಗಂಗವ್ವನಿಗೆ ಮಾತ್ರ, “ಎದಿ ಬಡಕೊಂಡು ಅಳೂದಾದ್ರ ಶಹಾಪುರಕ್ಕ ಬಾ. ಇಲ್ಲಾಂದ್ರ ನಿನ್ನ ಹಾದಿ ನೀ ನೋಡ್ಕೋ” ಎಂದರು.

“ಹೆಣದ ಮುಂದ ಕುಂತಾಕಿ ಮಂದಿಗೆ ಕೇಳ್ಲಿ ಅಂತ ಅಳೂದಿಲ್ರಿ, ಮಾಲಕ್ರ” ಎಂದಳು ಗಂಗವ್ವ. ಗಂಟು ಕಟ್ಟಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೊರಟ ಬಂಡಿ ಹತ್ತಿದಳು. ಗಂಟನ್ನು ನಾನೇ ಎತ್ತಿಕೊಟ್ಟೆ.

ಶಹಾಪುರದಲ್ಲಿ ತಾಯಿಯ ಪಾತ್ರಕ್ಕೆ ಬಂದ ಹೊಸಬಳು ಹೊರಳಾಡಿ ಅತ್ತಳು. ಮೂರು ಒನ್ಸ್ ಮೋರ್ ಬಿದ್ದವು. ಮೂರು ಸಲವೂ ಬಾರಿಸಿದೆ, ಹೊಟ್ಟೆಪಾಡು. ಕೂಗನ್ನು ಎಣಿಸಿ ಪದಕ ಕೊಡಬಹುದು. ಸುಮ್ಮನೆ ಕೂತವರನ್ನು ಹೇಗೆ ಎಣಿಸುವುದೋ ನನಗೆ ಇಂದಿಗೂ ತಿಳಿಯದು. ಆದರೆ ಸಭೆ ಸುಮ್ಮನಾಯಿತೆಂದು ಗಾಬರಿಬಿದ್ದು ಪೆಟ್ಟಿಗೆಗೆ ಕೈ ಹಾಕುವುದನ್ನು ಅಂದೇ ಬಿಟ್ಟೆ.